ಹತ್ತು ಮೈಲಿಯೊಳಗೆ ನಮ್ಮವರು ಯಾರೂ ಇಲ್ಲದ ಜಾಗ

ಮನುಷ್ಯ ಮನೆ ಕಟ್ಟಲು ಕಲಿತದ್ದೇ ಬಯಲಿನಲ್ಲಿ ಮಲಗುವ ಕಷ್ಟ ತಾಳಲಾರದೆ. ಸಾವಿರಾರು ವರ್ಷ ಕಲ್ಲು ಹೊತ್ತು, ಮಣ್ಣು ಕಲಸಿ, ಹಂಚು ಹೊದಿಸಿ, ಕೊನೆಗೆ ಬ್ಯಾಂಕಿನವರ ಎದುರು ಕೈಕಟ್ಟಿ ನಿಂತು ಒಂದು ತಾರಸಿ ಹಾಕಿಸಿಕೊಂಡ. ಈಗ ಅದೇ ಮನೆಗೆ ಬೀಗ ಜಡಿದು, ಮತ್ತೆ ಬಯಲಿಗೆ ಹೋಗಿ ಸೊಳ್ಳೆ ಕಚ್ಚಿಸಿಕೊಂಡು ಮಲಗುವುದಕ್ಕೆ ಕ್ಯಾಂಪಿಂಗ್ ಎಂದು ಹೆಸರು. ಬಡವನು ಹೀಗೆ ಮಲಗಿದರೆ ಪೊಲೀಸರು ಬಂದು ಎಬ್ಬಿಸುತ್ತಾರೆ. ಉಳ್ಳವನು ಮಲಗಿದರೆ ಯಾರಾದರೂ ಬಂದು ಫೋಟೋ ತೆಗೆಯುತ್ತಾರೆ. ಈ ಚಟದ ಬಗ್ಗೆ ನನಗೆ ಮೊದಲಿನಿಂದಲೂ ಇರುವ ಅಭಿಪ್ರಾಯ ಒಳ್ಳೆಯದಲ್ಲ. ಅಂಥ ನಾನು ಕಳೆದ ಚಳಿಗಾಲದ ರಜೆಯನ್ನೆಲ್ಲ ಇಂಥ ಜಾಗಗಳನ್ನು ಆರಿಸುವುದರಲ್ಲೇ ಕಳೆದೆ ಎಂದರೆ ನೀವು ನಗಬಹುದು. ಆದರೆ ಸ್ವಲ್ಪ ತಡೆದು ನಗಿ. ನಗಲು ಇದಕ್ಕಿಂತ ಒಳ್ಳೆಯ ಜಾಗಗಳು ಮುಂದೆ ಬರುತ್ತವೆ.

ನಾನು ಮಣಿಪಾಲದ ಒಂದು ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುತ್ತೇನೆ. ಯಾರಾದರೂ ಕಲಿಯುತ್ತಾರೆಯೇ ಎಂಬುದಕ್ಕೆ ನನ್ನ ಬಳಿ ಸಾಕಷ್ಟು ಮಾಹಿತಿ ಇಲ್ಲ. ದಿನಚರಿ ಬರೆಯುವ ಅಭ್ಯಾಸವೂ ಉಂಟು. ನೆನಪನ್ನು ನಂಬಬಾರದು ಎಂದು ಬರೆಯಲು ತೊಡಗಿದ್ದು. ಆಮೇಲೆ ಹೊಳೆಯಿತು, ದಿನಚರಿ ಬರೆದವನೂ ನಾನೇ ಆದ್ದರಿಂದ ಅದನ್ನು ನಂಬಲೂ ವಿಶೇಷ ಕಾರಣವಿಲ್ಲ. ಹಾಗಾಗಿ ಈ ಬರಹದಲ್ಲಿ ಎಲ್ಲಿಯಾದರೂ ನಾನು ಒಳ್ಳೆಯವನಂತೆ ಕಂಡರೆ ಅಲ್ಲಿ ಏನೋ ತಪ್ಪಿದೆ ಎಂದು ತಿಳಿಯಿರಿ.

ಕತೆಗೆ ಕಾರಣ ನನ್ನ ಹೆಂಡತಿಯ ತಮ್ಮ ಜಗದೀಶ. ಗಲ್ಫಿನ ಗ್ಯಾರೇಜೊಂದರಲ್ಲಿ ಗಾಡಿಗಳ ಮೈಕಟ್ಟುವ ಕೆಲಸ ಮಾಡಿಕೊಂಡಿದ್ದವನು, ಸಾಕೆಂದು ಊರಿಗೆ ಬಂದ. ಬಂದವನು ಮದುವೆ ದಿಬ್ಬಣಗಳನ್ನು ಹೊತ್ತು ಹೊತ್ತು ಸೊಂಟ ಮುರಿದುಕೊಂಡಿದ್ದ ಒಂದು ಹಳೆಯ ಟೆಂಪೋವನ್ನು ಹಿಡಿದು, ಸೀಟು ಕಿತ್ತು, ಒಳಗೆ ಮಂಚ, ಒಲೆ, ನೀರಿನ ಟ್ಯಾಂಕು, ಮಡಚುವ ಮೇಜು ಎಲ್ಲ ಕೂರಿಸಿ ಮನೆ ಮಾಡಿದ. ಕೆಲಸ ಅಚ್ಚುಕಟ್ಟು. ಆದರೆ ಹಿಂದಿನ ಗಾಜಿಗೆ ಅಂಟಿಸಿದ್ದ ಬಂಗಾರದ ಬಣ್ಣದ ‘ಶುಭವಿವಾಹ’ ಮಾತ್ರ ಏನು ಮಾಡಿದರೂ ಬಿಡಲಿಲ್ಲ. ಹಾಗಾಗಿ ಮದುವೆಯಾಗಿ ಮೊಣಕಾಲು ಸವೆದ ನಾವು ‘ಶುಭವಿವಾಹ’ ಎಂದು ಬರೆಸಿಕೊಂಡು ಊರೆಲ್ಲ ತಿರುಗಬೇಕಾಯಿತು.

ಜಗದೀಶನಿಗೆ ಈ ಹುಚ್ಚು ಹಿಡಿಸಿದ್ದು ಅಮೆರಿಕದ ಒಂದು ದಂಪತಿ. ಬಿಳಿ ಗಡ್ಡದ ಗಂಡ, ಅಗಲ ಟೊಪ್ಪಿಯ ಹೆಂಡತಿ. ನಮ್ಮ ಬಸ್ಸಿನಷ್ಟು ದೊಡ್ಡ ಗಾಡಿಮನೆಯಲ್ಲಿ ಅಮೆರಿಕದ ನಟ್ಟನಡುವಿನ ಬಯಲುಗಳನ್ನು, ಕಾನ್ಸಾಸ್, ನೆಬ್ರಾಸ್ಕಾ, ಅಯೋವಾಗಳನ್ನು ಸುತ್ತುತ್ತಾ, ಎಲ್ಲಿ ತಂಗಬೇಕು, ಜಾಗ ಹೇಗೆ ಆರಿಸಬೇಕು ಎಂದು ವಿಡಿಯೋ ಮಾಡಿ ಜಗತ್ತಿಗೆ ಬುದ್ಧಿ ಹೇಳುತ್ತಾರೆ. ನಾನೂ ನೋಡಿದ್ದೇನೆ. ಮೇಲೆ ಆಕಾಶ, ಕೆಳಗೆ ಜೋಳ, ನಡುವೆ ಇವರು. ಮರುದಿನ ಇನ್ನೊಂದು ಕಡೆ ಹೋಗುತ್ತಾರೆ. ಅಲ್ಲಿಯೂ ಮೇಲೆ ಆಕಾಶ, ಕೆಳಗೆ ಜೋಳ. ಇದಕ್ಕೆ ಆರಿಸುವುದು ಎಂತದ್ದು ಎಂದು ನನಗೆ ಅರ್ಥವಾಗಲಿಲ್ಲ. ಕಣ್ಣುಮುಚ್ಚಿ ನಿಲ್ಲಿಸಿದರೂ ಅದೇ ಜೋಳ ಸಿಗುತ್ತದೆ. ಆದರೂ ಆ ಗಡ್ಡದವನು ಸಂಸತ್ತಿನಲ್ಲಿ ಮಸೂದೆ ಮಂಡಿಸುವವನ ಗಾಂಭೀರ್ಯದಿಂದ, ನೆಲ ಸಮತಟ್ಟಾಗಿರಬೇಕು, ನೀರು ಮತ್ತು ಕರೆಂಟಿನ ಕಂಬ ಪಕ್ಕದಲ್ಲೇ ಇರಬೇಕು, ಹಿಂದೆ ಉಳಿದವರ ಅಭಿಪ್ರಾಯ ಓದಬೇಕು ಎಂದೆಲ್ಲ ಹೇಳುತ್ತಾನೆ.

ಸಮತಟ್ಟು ನೆಲ! ನಮ್ಮ ಜಿಲ್ಲೆಯಲ್ಲಿ ದೇವರು ಸಮತಟ್ಟು ಮಾಡಿದ್ದೆಂದರೆ ಸಮುದ್ರ ಒಂದನ್ನೇ. ಉಳಿದದ್ದನ್ನೆಲ್ಲ ಮನುಷ್ಯರು ಗುದ್ದಲಿ ಹಿಡಿದು ಮಾಡಿದ್ದು, ಮತ್ತು ಹಾಗೆ ಮಾಡಿದವರ ಮೊಮ್ಮಕ್ಕಳು ಅಲ್ಲೇ ಪಕ್ಕದಲ್ಲಿ ಜಗಲಿಯ ಮೇಲೆ ಕುಳಿತಿರುತ್ತಾರೆ. ನಮ್ಮಲ್ಲಿ ಸಮತಟ್ಟಾದ ಜಾಗ ಎಂದರೆ ಯಾರದೋ ಗದ್ದೆ, ಯಾರದೋ ಅಂಗಳ, ಇಲ್ಲವೇ ದೈವದ ಗುಡಿಯ ಎದುರು. ಇನ್ನು ಅಭಿಪ್ರಾಯಗಳು. ಅವನ್ನೂ ಓದಿದೆ. ನಮ್ಮ ಕಡಲತೀರದ ಒಂದು ತಂಗುದಾಣಕ್ಕೆ ಒಬ್ಬ ಮಹಾಶಯ ಒಂದೇ ನಕ್ಷತ್ರ ಕೊಟ್ಟಿದ್ದ: ಸಮುದ್ರ ತುಂಬಾ ಸದ್ದು ಮಾಡುತ್ತದೆಯಂತೆ. ಅದೇ ಜಾಗಕ್ಕೆ ಇನ್ನೊಬ್ಬಳು ಐದೂ ಕೊಟ್ಟಿದ್ದಳು: ‘ಇನ್ನೂ ಹೋಗಿಲ್ಲ, ಹೋಗಬೇಕೆಂದಿದ್ದೇನೆ.’ ಇವೆರಡನ್ನೂ ಕೂಡಿಸಿ ಭಾಗಿಸಿ ಸರಾಸರಿ ತೆಗೆಯುವ ಶಾಸ್ತ್ರವನ್ನೇ ನಾನು ಮಕ್ಕಳಿಗೆ ಕಲಿಸುತ್ತಿರುವುದು. ಆ ದಿನ ಊಟ ಸೇರಲಿಲ್ಲ.

ಇಷ್ಟೆಲ್ಲ ತಿರಸ್ಕಾರ ಇದ್ದವನು ಸುಮ್ಮನೆ ಮನೆಯಲ್ಲಿ ಇರಬಹುದಿತ್ತು. ಆದರೆ ಒಂದು ಸಂಜೆ ಜಗದೀಶ ಆ ವಿಡಿಯೋವನ್ನು ನನ್ನ ಹೆಂಡತಿ ಶಶಿಕಲಾಗೆ ತೋರಿಸಿದ. ಅವಳು ಸಹಕಾರಿ ಸಂಘದ ಕೆಲಸ ಮುಗಿಸಿ ಬಂದು, ಬೆಳಗ್ಗಿನ ಪಾತ್ರೆ ತೊಳೆಯುತ್ತಾ ಅರೆಮನಸ್ಸಿನಿಂದ ನೋಡುತ್ತಿದ್ದಳು. ಅಷ್ಟರಲ್ಲಿ ಟೊಪ್ಪಿಯ ಹೆಂಗಸು ಹೇಳಿದಳು: ಇಲ್ಲಿಂದ ಹತ್ತಿರದ ಮನೆ ಹತ್ತು ಮೈಲಿ ದೂರ. ಶಶಿಕಲಾ ನಲ್ಲಿ ನಿಲ್ಲಿಸಿದಳು.

“ಇನ್ನೊಂದು ಸಲ ಹಾಕು.”

ಹಾಕಿದ.

“ಹತ್ತು ಮೈಲಿ,” ಎಂದಳು. “ಹತ್ತು ಮೈಲಿಯೊಳಗೆ ನಮ್ಮವರು ಯಾರೂ ಇಲ್ಲ.”

“ಹಾಗೆ ಹೇಳಲಿಕ್ಕಾಗುವುದಿಲ್ಲ ಅಕ್ಕ,” ಎಂದ ಜಗದೀಶ. “ನಮ್ಮ ಹೆಬ್ರಿ ಚಂದ್ರಣ್ಣನ ಅಳಿಯ ಆ ಕಡೆಯೇ ಎಲ್ಲೋ ಇರುವುದು.”

ಶಶಿಕಲಾ ಯಾಕೆ ನಲ್ಲಿ ನಿಲ್ಲಿಸಿದಳು ಎಂದು ತಿಳಿಯಬೇಕಾದರೆ ನಮ್ಮ ಮನೆ ಎಲ್ಲಿದೆ ಎಂದು ತಿಳಿಯಬೇಕು. ನಮ್ಮದು ಅಂಬಲಪಾಡಿ. ಹೆದ್ದಾರಿಗೆ ಹತ್ತಿರ, ಬಸ್‌ಸ್ಟ್ಯಾಂಡಿಗೆ ಹತ್ತಿರ, ಮಣಿಪಾಲದ ಆಸ್ಪತ್ರೆಗೆ ಹೋಗುವವರಿಗೆ ದಾರಿಯಲ್ಲೇ. ಕಾಸರಗೋಡಿನಿಂದ ಕುಂದಾಪುರದವರೆಗೆ ಹರಡಿಕೊಂಡಿರುವ ನಮ್ಮ ನೆಂಟರಲ್ಲಿ ಯಾರಿಗೆ ಮೊಣಕಾಲು ನೋವು ಬಂದರೂ ಅದರ ಮೊದಲ ಪರಿಣಾಮ ಆಗುವುದು ನಮ್ಮ ಅಡುಗೆಮನೆಯ ಮೇಲೆ. ರಕ್ತ ಪರೀಕ್ಷೆಗೆ ಬಂದವರು ರಿಪೋರ್ಟು ಸಿಗುವವರೆಗೆ ಇರುತ್ತಾರೆ. ರಿಪೋರ್ಟು ಚೆನ್ನಾಗಿ ಬಂದರೆ ಆ ಸಂತೋಷಕ್ಕೆ ಇನ್ನೊಂದು ದಿನ ಇರುತ್ತಾರೆ. ಹಾಗೆಯೇ ನಾವು ಎಲ್ಲಿಗೆ ಹೋದರೂ ಯಾರದೋ ಮನೆಯಲ್ಲಿ ಉಳಿಯಬೇಕು. ಉಳಿದಲ್ಲಿ ನಾನು ಜಗಲಿಯಲ್ಲಿ ಪೇಪರು ಓದುತ್ತೇನೆ, ಅವಳು ಒಳಗೆ ತೆಂಗಿನಕಾಯಿ ತುರಿಯುತ್ತಾಳೆ. ಅಂದರೆ ಅವಳಿಗೆ ಪ್ರವಾಸವೆಂದರೆ ಬೇರೊಂದು ಹೆರೆಮಣೆ, ಅಷ್ಟೇ. ಆ ಸಂಜೆ ಅವಳು ಇದನ್ನೇ ಹೇಳಿದಳು.

“ಹಾಗೆ ಹೇಳಬೇಡ,” ಎಂದು ನಾನು ಅಂದೆ. “ಮದುವೆಯಾದ ಹೊಸತರಲ್ಲಿ ಮಡಿಕೇರಿಯಲ್ಲಿ ಹೊಟೇಲಿನಲ್ಲಿ ಉಳಿದಿದ್ದೆವಲ್ಲ? ಮಂಜು, ದೊಡ್ಡ ಕಿಟಕಿ, ಕಿಟಕಿಯ ಹೊರಗೆ ಕೆಂಪು ಹೂ.”

“ಅದು ಸುಳ್ಯದಲ್ಲಿ ನಿಮ್ಮ ಸೋದರತ್ತೆಯ ಮನೆ. ಕಿಟಕಿಯ ಹತ್ತಿರ ನೀವು ನಿಂತದ್ದು. ನಾನು ಹಿಂದೆ ಪತ್ರೊಡೆಗೆ ಅಕ್ಕಿ ಕಡೆಯುತ್ತಿದ್ದೆ.”

ಒಳಗೆ ಹೋಗಿ ಆ ವರ್ಷದ ದಿನಚರಿ ತೆಗೆದು ನೋಡಿದೆ. ‘ಚಳಿ. ಪತ್ರೊಡೆ ಚೆನ್ನಾಗಿತ್ತು’ ಎಂದಿತ್ತು.

ಶಶಿಕಲಾಳ ಬೇಡಿಕೆ ಆ ಗಡ್ಡದವನದ್ದಕ್ಕಿಂತ ಸರಳ. “ಸಮತಟ್ಟು ಬೇಡ, ಕರೆಂಟು ಬೇಡ. ಒಂದು ರಾತ್ರಿ. ಯಾರ ಮನೆಯೂ ಆಗಿರಬಾರದು. ಬೆಳಿಗ್ಗೆ ಎದ್ದರೆ ನಾನು ಯಾರಿಗೂ ಚಹಾ ಕೊಡಬೇಕಾಗಿರಬಾರದು, ಯಾರೂ ನನಗೆ ಕೊಡಬಾರದು. ನಾನು ಮಾಡಿ ನಾನು ಕುಡಿಯುವುದು. ಅಷ್ಟು ಓದಿದ್ದೀರಿ, ಇಂಥ ಒಂದು ಜಾಗ ಹುಡುಕಲಿಕ್ಕೆ ಆಗುವುದಿಲ್ವಾ?”

ಓದಿದವನಿಗೆ ಹೀಗೆ ಕೇಳಬಾರದು. ನಾನು ಜಿಲ್ಲೆಯ ನಕ್ಷೆ ಹರಡಿಕೊಂಡು ನೆಂಟರ ಮನೆಗಳಿಗೆಲ್ಲ ಕೆಂಪು ಚುಕ್ಕೆ ಇಡುತ್ತಾ ಹೋದೆ. ಸ್ವಲ್ಪ ಹೊತ್ತಿನಲ್ಲಿ ಕರಾವಳಿಗೆ ದಡಾರ ಎದ್ದ ಹಾಗೆ ಕಂಡಿತು. ಚುಕ್ಕೆಗಳ ನಡುವೆ ಎಲ್ಲಿ ತುಸು ಬಿಳಿ ಉಳಿದಿದೆಯೋ ಅಲ್ಲಿ ಗಾಡಿ ನಿಲ್ಲಿಸುವುದು ಎಂದು ತೀರ್ಮಾನಿಸಿದೆವು.

ಮೊದಲ ಬಿಳಿ ಜಾಗ ಕಾಪುವಿನಲ್ಲಿ ಸಿಕ್ಕಿತು. ದಾರಿಯಲ್ಲಿ ಒಂದು ಖಾಸಗಿ ಕ್ಯಾಂಪಿನೊಳಗೂ ಇಣುಕಿದೆವು. ಅಪ್ಪಟ ಕಡಲತೀರದ ಮರಳಿನ ಮೇಲೆ ಪ್ಲಾಸ್ಟಿಕ್ಕಿನ ಹುಲ್ಲು ಹಾಸಿದ್ದರು. ತೆಂಗಿನ ಮರಕ್ಕೆ ಮಿಣಮಿಣ ದೀಪ. ಬೆವರು ಕಿತ್ತು ಬರುವ ಸೆಕೆಯಲ್ಲಿ ನಡುವೆ ಬೆಂಕಿ ಹಾಕಿ, ಅದರ ಸುತ್ತ ಕೂತು ಚಳಿ ಕಾಯಿಸಿಕೊಳ್ಳುವವರಂತೆ ನಟಿಸುವ ಒಂದು ಗುಂಪು. ಸಮುದ್ರದ ಸದ್ದು ಕೇಳದಂತೆ ಒಂದು ಸ್ಪೀಕರು. ಅದರಲ್ಲಿ ಸಮುದ್ರದ ಸದ್ದಿನ ಸಂಗೀತ. ನಾವು ಗಾಡಿ ತಿರುಗಿಸಿ, ಕಾಪು ಕಡಲತೀರದ ದೀಪಸ್ತಂಭದಿಂದ ಸಾಕಷ್ಟು ಆಚೆ, ತೆಂಗಿನ ತೋಟದ ಬದಿಯ ಒಂದು ಖಾಲಿ ಜಾಗದಲ್ಲಿ ನಿಲ್ಲಿಸಿದೆವು. ಜಗದೀಶ ಮೇಲೆ ನೋಡಿ, ಕಾಯಿ ಬಿದ್ದೀತೆಂದು ಗಾಡಿಯನ್ನು ಮತ್ತಷ್ಟು ಈಚೆ ತಂದ. ತಲೆಯ ಮೇಲೆ ಬೀಳುವ ಬೆಳೆಯ ಬಗ್ಗೆ ಜೋಳದ ನಾಡಿನವರು ಏನೂ ಹೇಳಿರಲಿಲ್ಲ. ಶಶಿಕಲಾ ಒಲೆ ಹಚ್ಚಿ ನೀರಿಟ್ಟಳು. ಅಷ್ಟರಲ್ಲಿ ಹೆಗಲ ಮೇಲೆ ಬಲೆ ಹಾಕಿಕೊಂಡ ಹಿರಿಯರೊಬ್ಬರು ಆ ದಾರಿಯಾಗಿ ಬಂದು ನಿಂತರು. ಕೇಳಿದ್ದು ತುಳುವಿನಲ್ಲಿ, ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

“ಗಾಡಿ ಹಾಳಾಯಿತಾ?”

“ಇಲ್ಲ. ಇವತ್ತು ಇಲ್ಲೇ ಇರುತ್ತೇವೆ.”

“ಇಲ್ಲೇ ಅಂದರೆ ಎಲ್ಲಿ?”

“ಗಾಡಿಯಲ್ಲಿ.”

ಅವರು ಗಾಡಿಯನ್ನು ನೋಡಿದರು, ಹಿಂದಿನ ಗಾಜನ್ನು ಓದಿದರು, ನಮ್ಮಿಬ್ಬರ ವಯಸ್ಸನ್ನು ಅಳೆದರು. ದನಿ ತಗ್ಗಿಸಿ, “ಮನೆಯಲ್ಲಿ ಎಂತ, ಜಗಳವಾ?” ಎಂದರು.

ಇಲ್ಲಿ ನಮ್ಮ ಊರಿನ ಒಂದು ಪದ್ಧತಿಯನ್ನು ಹೇಳಬೇಕು. ತುಳುನಾಡಿನಲ್ಲಿ ಇಬ್ಬರು ಅಪರಿಚಿತರು ಎದುರಾದರೆ ಮೂರು ಪ್ರಶ್ನೆ. ಊರು ಯಾವುದು, ಊರಿನಲ್ಲಿ ಯಾರ ಮನೆ, ಯಾವ ಬರಿ. ಬರಿ ಎಂದರೆ ತಾಯಿಯ ಕಡೆಯಿಂದ ಬರುವ ಕುಲದ ಹೆಸರು. ಈ ಮೂರಕ್ಕೂ ಉತ್ತರ ಸಿಕ್ಕಿದ ಮೇಲೆ ಇಬ್ಬರು ಅಪರಿಚಿತರಾಗಿಯೇ ಉಳಿಯುವ ಸಂಭವ ಸೊನ್ನೆ. ಇದನ್ನು ನಾನು ಸಂಖ್ಯಾಶಾಸ್ತ್ರದವನಾಗಿ ಹೇಳುತ್ತಿದ್ದೇನೆ. ಆದ್ದರಿಂದ ತಪ್ಪಿಸಿಕೊಳ್ಳಬೇಕಾದವನು ಮೊದಲ ಪ್ರಶ್ನೆಯಲ್ಲೇ ತಪ್ಪಿಸಿಕೊಳ್ಳಬೇಕು.

“ಊರು ಯಾವುದು?”

“ಅಂಬಲಪಾಡಿ,” ಎಂದೆ. ಅಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸಿದೆ ಎಂದೇ ನನ್ನ ನೆನಪು. ಆದರೆ ಒಲೆಯ ಹತ್ತಿರ ನಿಂತಿದ್ದ ಶಶಿಕಲಾ ಹೇಳುವ ಪ್ರಕಾರ, ಯಾರೂ ಕೇಳುವ ಮೊದಲೇ ನಾನು, “ಈಗ ಇರುವುದು ಅಂಬಲಪಾಡಿ. ಮೂಲ ಕಟಪಾಡಿ ಹತ್ತಿರದ ಪಡುಮನೆ” ಎಂದೆನಂತೆ.

“ಪಡುಮನೆಯಾ! ಹಾಗಾದರೆ ನೀವು ಲೀಲಕ್ಕನ ಮಗನಾ?”

ಹಿರಿಯರು ಕೂಡಲೇ ಫೋನು ತೆಗೆದು ಸುದ್ದಿ ಮುಟ್ಟಿಸಿದರು. ಚಹಾ ಕುದಿಯುವಷ್ಟರಲ್ಲಿ ಒಂದು ಆಟೋ ಬಂತು. ಅದರಿಂದ ಶಶಿಕಲಾಳ ಗಿರಿಜ ಚಿಕ್ಕಮ್ಮ ಇಳಿದರು. ಚಿಕ್ಕಮ್ಮನ ಚುಕ್ಕೆ ನಕ್ಷೆಯಲ್ಲಿ ಇನ್ನೂ ಪಡುಬಿದ್ರಿಯಲ್ಲೇ ಇತ್ತು. ಅವರು ಕಾಪುವಿಗೆ ಮನೆ ಬದಲಿಸಿದ್ದು ನಕ್ಷೆಗೆ ಗೊತ್ತಿರಲಿಲ್ಲ.

“ಶಶೀ, ನಾನು ಸತ್ತಿದ್ದೇನೆ ಅಂತ ಮಾಡಿದ್ದೀಯಾ? ಚಿಕ್ಕಮ್ಮನ ಮನೆ ಇರುವಾಗ ದಾರಿಬದಿಯಲ್ಲಿ ಮಲಗುವುದಾ? ನೋಡಿದವರು ಎಂತ ಹೇಳಿಯಾರು?” ಎಂದವರೇ ಗಾಡಿಯೊಳಗೆ ಹತ್ತಿ ಮಂಚ ಒತ್ತಿ ನೋಡಿದರು. “ಇದು ಮಲಗುವುದಾ? ನಮ್ಮ ನಾಯಿಗೆ ಸಹ ಇದರಲ್ಲಿ ಕಾಲು ಚಾಚಲಿಕ್ಕೆ ಆಗಲಿಕ್ಕಿಲ್ಲ.”

ಕುದಿದ ಚಹಾವನ್ನು ಶಶಿಕಲಾ ಚಿಕ್ಕಮ್ಮನಿಗೆ ಕೊಟ್ಟಳು, ಬಲೆಯ ಹಿರಿಯರಿಗೆ ಕೊಟ್ಟಳು, ಆಟೋದವನಿಗೆ ಕೊಟ್ಟಳು. ಅವಳಿಗೆ ಉಳಿಯಲಿಲ್ಲ. ಆ ಸಂಜೆ ಚಿಕ್ಕಮ್ಮನ ಮನೆಯಲ್ಲಿ, “ನೀನು ಕೂತುಕೋ, ನೀನು ಬಂದವಳು” ಎಂದು ಹತ್ತಾರು ಸಲ ಹೇಳುತ್ತಲೇ ಚಿಕ್ಕಮ್ಮ ಅವಳ ಕೈಗೆ ಬಂಗುಡೆ ಮೀನಿನ ಪಾತ್ರೆ, ಮತ್ತೆ ಕತ್ತಿ, ಮತ್ತೆ ಹುಣಸೆಹುಳಿ ಕೊಡುತ್ತಾ ಹೋದರು. ನಾನು ಜಗಲಿಯಲ್ಲಿ ಪೇಪರು ಓದಿದೆ. ದಿನಚರಿಯಲ್ಲಿ ಬರೆದೆ: ‘ಕಾಪು: ತಂಗಲು ತಕ್ಕ ಜಾಗವಲ್ಲ. ಜನ ಅತಿ ಕುತೂಹಲಿಗಳು. ಬಂಗುಡೆ ಪುಳಿಮುಂಚಿ ಚೆನ್ನಾಗಿತ್ತು.’

ಎರಡನೆಯ ಜಾಗವನ್ನು ನಾನು ಇನ್ನೂ ಎಚ್ಚರದಿಂದ ಆರಿಸಿದೆ. ಕಾರ್ಕಳದ ಆಚೆ ಒಂದು ದೊಡ್ಡ ಕರಿಬಂಡೆಯ ಪಾದೆ. ಮೇಲೆ ಸಮತಟ್ಟು, ಹಾಗಾದರೆ ದೇವರು ಸಮುದ್ರದ ಜೊತೆಗೆ ಇದೊಂದನ್ನೂ ಮಾಡಿದ್ದಾನೆ ಎಂದು ಒಪ್ಪಿಕೊಂಡೆ. ಸುತ್ತ ಮನೆ ಕಾಣುವುದಿಲ್ಲ, ದೂರದಲ್ಲಿ ನೀಲಿ ಘಟ್ಟ, ಒಣ ಹುಲ್ಲಿನ ವಾಸನೆ. ಶಶಿಕಲಾ ಮಡಚುವ ಕುರ್ಚಿ ಹಾಕಿ, ಚಪ್ಪಲಿ ಕಳಚಿ, ಬಿಸಿ ಬಂಡೆಯ ಮೇಲೆ ಎರಡೂ ಪಾದ ಊರಿ ಕುಳಿತಳು. ದೂರದ ಘಟ್ಟವನ್ನು ಕಣ್ಣು ತುಂಬ ನೋಡಿದಳು. ಆಮೇಲೆ, “ಇದು ಆಗಬಹುದು” ಎಂದಳು. ನನ್ನ ಪಿಎಚ್‌ಡಿ ಪರೀಕ್ಷಕರೂ ಅಷ್ಟೇ ಹೇಳಿದ್ದು, ಆದರೆ ಆಗ ಇಷ್ಟು ಸಂತೋಷವಾಗಿರಲಿಲ್ಲ.

ಒಲೆ ಹಚ್ಚಲು ಹೋದರೆ ಬೆಂಕಿಪೊಟ್ಟಣ ಚಿಕ್ಕಮ್ಮನ ಮನೆಯಲ್ಲಿ ಬಿಟ್ಟುಹೋಗಿತ್ತು. ಜಗದೀಶ ಗಾಡಿಯ ಅಡಿಯಲ್ಲಿ ಮಲಗಿ ಏನೋ ಬಿಗಿಯುತ್ತಿದ್ದ. “ಕೆಳಗೆ ರಸ್ತೆಯಲ್ಲಿ ಅಂಗಡಿ ಕಂಡಿತಲ್ಲ, ಒಂದು ಬೆಂಕಿಪೊಟ್ಟಣ ತನ್ನಿ,” ಎಂದಳು ಶಶಿಕಲಾ. “ಬೇರೆ ಎಂತದೂ ಬೇಡ. ಮಾತು ಸಹ ಬೇಡ.”

ಅಂಗಡಿಯವರ ಹೆಸರು ವಸಂತಣ್ಣ ಎಂದು ಆಮೇಲೆ ತಿಳಿಯಿತು. ಆಮೇಲೆ ಬಹಳಷ್ಟು ತಿಳಿಯಿತು. ಬೆಂಕಿಪೊಟ್ಟಣ ಕೊಡುತ್ತಾ ಅವರು, “ಎಲ್ಲಿಯವರು?” ಎಂದರು.

ನಾನು ಸಿದ್ಧನಾಗಿಯೇ ಹೋಗಿದ್ದೆ. “ಬೆಂಗಳೂರು.”

“ಬೆಂಗಳೂರಿನವರ ಹಾಗೆ ಕಾಣುವುದಿಲ್ಲ.”

“ಕಟಪಾಡಿ ಕಡೆ ಸ್ವಲ್ಪ ಸಮಯ ಇದ್ದೆ.” ಇದು ಪೂರ್ತಿ ಸುಳ್ಳಲ್ಲ, ಅಲ್ಲಿ ಹುಟ್ಟಿ ಬೆಳೆದವನು ಸ್ವಲ್ಪ ಸಮಯ ಇದ್ದ ಹಾಗೆಯೇ ಆಯಿತು.

“ಕಟಪಾಡಿಯಾ? ಅಲ್ಲಿ ಪಡುಮನೆ ಅಂತ ಒಂದು ಇತ್ತಲ್ಲ. ನನ್ನ ಅಜ್ಜಿ ಹೇಳುತ್ತಿದ್ದರು, ಒಂದು ಕಾಲಕ್ಕೆ ದೊಡ್ಡ ಮನೆ ಅಂತೆ. ಈಗ ಮುಗಿಯಿತು, ಅಲ್ವಾ?”

“ಮುಗಿಯಿತು ಅಂದರೆ?”

“ಮುಗಿಯಿತು ಅಂದರೆ ಮುಗಿಯಿತು ಮಾರಾಯ್ರೇ. ಹೇಳಿಕೊಳ್ಳುವ ಹಾಗೆ ಒಬ್ಬರೂ ಇಲ್ಲವಂತೆ.”

ಬೆಂಕಿಪೊಟ್ಟಣ ನನ್ನ ಕೈಯಲ್ಲಿತ್ತು. ಮೇಲೆ ಬಂಡೆಯ ಮೇಲೆ ಹೆಂಡತಿ ಕಾಯುತ್ತಿದ್ದಳು. ನಾನು ಸಭೆಗಳಲ್ಲಿ ಕುಲ, ಮನೆತನ, ಹಿರಿಮೆ ಇವೆಲ್ಲ ಪೊಳ್ಳು ಎಂದು ಭಾಷಣ ಮಾಡಿದವನು. ಮನೆತನದ ಕತೆಗಳೆಲ್ಲ ಸೋತವರ ನೆನಪಿನ ಕಸೂತಿ ಎಂದು ಒಮ್ಮೆ ಲೇಖನವನ್ನೂ ಬರೆದಿದ್ದೆ. ಆ ಪಡುಮನೆಯಾದರೂ ಎಂತದ್ದು? ಗೆದ್ದಲು ಹಿಡಿದ ನಾಲ್ಕು ಕಂಬ, ಪಾಲಿಗಾಗಿ ಕಚ್ಚಾಡಿದ ನನ್ನ ಮಾವಂದಿರು, ಈಗ ಅದರ ಜಾಗದಲ್ಲಿ ಟೈರು ಅಂಗಡಿ. ಎಲ್ಲ ಗೊತ್ತಿತ್ತು. ಗೊತ್ತಿದ್ದೂ ಎದೆ ಮುಂದೆ ಮಾಡಿ, ಅಂಗಡಿಯಲ್ಲಿದ್ದ ಎಲ್ಲರಿಗೂ ಕೇಳುವಂತೆ, “ಒಬ್ಬರೂ ಇಲ್ಲ ಅಂದರೆ ಹೇಗೆ? ನಾನಿಲ್ಲವಾ?” ಎಂದೆ.

ವಸಂತಣ್ಣ ಅಂಗಡಿಯಿಂದ ಹೊರಗೆ ಬಂದು ನನ್ನ ಎರಡೂ ಕೈ ಹಿಡಿದುಕೊಂಡರು. ಅವರ ಅಜ್ಜಿ ಮತ್ತು ನನ್ನ ಅಜ್ಜಿ ಒಂದೇ ಬರಿಯವರು. ಅಂದರೆ ಅವರು ನನಗೆ ಅಣ್ಣ. ಅಷ್ಟೇ ಆಗಿದ್ದರೆ ತಡೆದುಕೊಳ್ಳಬಹುದಿತ್ತು. ಆ ಸಂಜೆಯೇ ಅವರ ಮನೆಯಲ್ಲಿ ತಂಗಿಯ ಮಗಳ ಮದರಂಗಿ, ಅಂದರೆ ಮದುವೆಯ ಹಿಂದಿನ ದಿನದ ಊಟ. ಪಡುಮನೆಯವರು ಬಾಗಿಲಿಗೆ ಬಂದು ಹಾಗೆಯೇ ಹೋಗುವುದೆಂದರೇನು? ಸ್ವಲ್ಪ ಹೊತ್ತಿನಲ್ಲಿ ನಾಲ್ಕೈದು ಜನ ಪಾದೆ ಹತ್ತಿ ಬಂದು, ಕುರ್ಚಿ ಮಡಚಿ, ಶಶಿಕಲಾಳನ್ನು ಕೈಹಿಡಿದು ಎಬ್ಬಿಸಿ, ಗಾಡಿಸಮೇತ ನಮ್ಮನ್ನು ಕೆಳಗಿಳಿಸಿದರು. ಹಿಂದಿನ ಗಾಜಿನ ‘ಶುಭವಿವಾಹ’ ನೋಡಿ ಅಂಗಳದ ಮಕ್ಕಳೆಲ್ಲ ಚಪ್ಪಾಳೆ ತಟ್ಟಿದರು. ನನ್ನನ್ನು ಹಿರಿಯರ ಸಾಲಿನಲ್ಲಿ ಕೂರಿಸಿ ಪಡುಮನೆಯ ವೈಭವ ಹೇಳಿಸಿದರು. ನಾನು ಹೇಳಿದೆ. ನನಗೆ ಗೊತ್ತಿಲ್ಲದ ಎಷ್ಟೋ ಸಂಗತಿಗಳು ಆ ದಿನ ನನ್ನ ಬಾಯಿಯಿಂದ ಬಂದವು. ಒಂದು ಹಂತದಲ್ಲಿ ಆನೆಯೂ ಬಂತು ಎಂದು ಜಗದೀಶ ಹೇಳುತ್ತಾನೆ. ಅತ್ತ, “ನಮ್ಮವರೇ ಅಲ್ವಾ,” ಎಂದು ಯಾರೋ ಶಶಿಕಲಾಳ ಕೈಗೆ ಸಾರಿನ ಬಾಲ್ದಿ ಕೊಟ್ಟಿದ್ದರು. ಪಂಕ್ತಿಯಲ್ಲಿ ಬಗ್ಗಿ ಬಗ್ಗಿ ಬಡಿಸುತ್ತಾ ಬಂದವಳು ನನ್ನ ಎಲೆಯ ಎದುರು ಬಂದಾಗ ಗುರುತಿಲ್ಲದವನಿಗೆ ಬಡಿಸಿದ ಹಾಗೆ ಒಂದು ಸೌಟು ಹಾಕಿ ಮುಂದೆ ಹೋದಳು. ಆ ಸೌಟಿನ ಅರ್ಥ ನನಗೆ ಆಗಬೇಕಿತ್ತು. ಆಗಲಿಲ್ಲ, ಇನ್ನೊಂದು ಸೌಟು ಕೇಳಿದೆ.

ಮರುದಿನ ಗಾಡಿ ಹೊರಟ ಮೇಲೆ ಅವಳು, “ನಿಮಗೆ ಒಂದು ಬೆಂಕಿಪೊಟ್ಟಣ ತರಲಿಕ್ಕೆ ಹೇಳಿದ್ದು. ಎಲ್ಲಿ ಉಂಟು?” ಎಂದಳು.

ಕಿಸೆ ಮುಟ್ಟಿ ನೋಡಿದೆ. ಅದನ್ನು ವಸಂತಣ್ಣನ ಗಲ್ಲಾಪೆಟ್ಟಿಗೆಯ ಮೇಲೆಯೇ ಇಟ್ಟು ಬಂದಿದ್ದೆ.

“ಜಾಗದಲ್ಲಿ ದೋಷ ಇಲ್ಲ,” ಎಂದಳು. ಅಷ್ಟೇ. ಜಗದೀಶ ಕನ್ನಡಿಯಲ್ಲಿ ನನ್ನ ಮುಖ ನೋಡಿ, ಕೂಡಲೇ ರಸ್ತೆ ನೋಡಿದ.

ಕೊನೆಯ ಪ್ರಯತ್ನ ನಿಟ್ಟೆಯ ಹತ್ತಿರ. ಇಲ್ಲಿಗೆ ನಾನು ಪಣತೊಟ್ಟು ಹೋದೆ, ಬಾಯಿ ಬಿಡುವುದಿಲ್ಲವೆಂದು. ಎಂಜಿನಿಯರಿಂಗ್ ಓದಿದ ಕೆಲವರು ಸೇರಿ ಗೇರುತೋಟದಲ್ಲಿ ಅಮೆರಿಕದ ಮಾದರಿಯಲ್ಲೇ ಮಾಡಿದ ಕ್ಯಾಂಪು. ಗಾಡಿಗಳಿಗೆ ಸುಣ್ಣ ಎಳೆದ ಅಂಕಣಗಳು, ಪ್ರತಿ ಅಂಕಣಕ್ಕೂ ಕರೆಂಟಿನ ಕಂಬ, ಪ್ರತಿ ಮರಕ್ಕೂ ಒಂದು ಉಪದೇಶದ ಹಲಗೆ: ‘ನಿನ್ನ ಉಸಿರನ್ನು ಕೇಳು’, ‘ಇಲ್ಲಿ ನೀನು ಯಾರೂ ಅಲ್ಲ’. ಗೇರುಮರಕ್ಕೆ ಬಾಯಿ ಬಂದಿದ್ದರೆ ಇವರಿಗೆ ತಕ್ಕ ಉತ್ತರ ಸಿಗುತ್ತಿತ್ತು. ಬಾಗಿಲಲ್ಲಿ ಕೈಗೊಂದು ಕಾಗದದ ಪಟ್ಟಿ ಸುತ್ತಿದರು. ಊರು ಕೇಳಲಿಲ್ಲ, ಮನೆ ಕೇಳಲಿಲ್ಲ. ಕೇಳಿದ್ದು ವೆಜ್ಜಾ ನಾನ್‌ವೆಜ್ಜಾ ಎಂದು. ಅಲ್ಲಿಂದ ಮುಂದೆ ನಾನು ಎಲ್ಲರಿಗೂ ‘ನಾಲ್ಕನೇ ಅಂಕಣದ ಅಂಕಲ್’.

ಶಶಿಕಲಾಗೆ ಇದು ಸ್ವರ್ಗವಾಯಿತು. ಕುರ್ಚಿ ಹಾಕಿ ಕಣ್ಣು ಮುಚ್ಚಿದಳು. ನನಗೆ ಮಾತ್ರ ಒಳಗೆ ಏನೋ ಕಡಿಯತೊಡಗಿತು. ನೆಂಟರ ಕಾಟ ಎಂದು ಇಷ್ಟು ದಿನ ಹೀಯಾಳಿಸಿದವನಿಗೆ, ಯಾರೂ ಏನೂ ಕೇಳದ ಆ ಮಧ್ಯಾಹ್ನ ಗಂಟಲಿಗೆ ಸಿಕ್ಕಿಕೊಂಡ ಮುಳ್ಳಿನ ಹಾಗಾಯಿತು. ಪಕ್ಕದ ಅಂಕಣದಲ್ಲಿ ಒಬ್ಬ ಮನುಷ್ಯ, ಉಪ್ಪಿನಕಾಯಿ ನೆಕ್ಕಿಕೊಂಡು ಗಂಜಿ ಉಣ್ಣುತ್ತಿದ್ದ. ಮಕ್ಕಳನ್ನು ಗದರುತ್ತಿದ್ದದ್ದು ತುಳುವಿನಲ್ಲಿ, ಅದೂ ನಮ್ಮ ಕಟಪಾಡಿಯ ರಾಗದಲ್ಲಿ. ನಾನು ಪುಸ್ತಕ ಓದಿದೆ. ಗೇರುಮರ ನೋಡಿದೆ. ಹಲಗೆ ಹೇಳಿದಂತೆ ನನ್ನ ಉಸಿರನ್ನು ಕೇಳಿದೆ. ಅದು ‘ಯಾರ ಮನೆಯವ? ಯಾರ ಮನೆಯವ?’ ಎನ್ನುತ್ತಿತ್ತು. ಬಿಸಿಲು ಇಳಿಯುವ ಹೊತ್ತಿಗೆ ನನ್ನ ಕಾಲುಗಳು ನನ್ನನ್ನು ಅಲ್ಲಿಗೆ ಒಯ್ದವು. ಯಾರೂ ಕೇಳಿರಲಿಲ್ಲ. ಈ ಸಲ ಕೇಳಿದವನು ನಾನೇ.

“ನಿಮ್ಮದು ಯಾವ ಮನೆ?”

ಆ ಮನುಷ್ಯ ಚಹಾದ ಲೋಟ ಕೆಳಗಿಟ್ಟು, “ಅಯ್ಯೋ ಮಾರಾಯ್ರೇ, ನಾನೂ ಮಧ್ಯಾಹ್ನದಿಂದ ಕೇಳಬೇಕು ಕೇಳಬೇಕು ಅಂತಲೇ ಇದ್ದೆ!” ಎಂದ.

ಮುಂದಿನದನ್ನು ಬರೆಯಲು ನಾಚಿಕೆ. ಅವನ ಹೆಂಡತಿ ಶಶಿಕಲಾಗೆ ದೂರದಿಂದ ತಂಗಿಯಾಗಬೇಕಿತ್ತು. ದೀಪ ಹಚ್ಚುವ ಹೊತ್ತಿಗೆ ಎರಡು ಅಂಕಣಗಳು ಒಂದಾಗಿದ್ದವು, ಅವರ ಮಕ್ಕಳೆಲ್ಲ ನಮ್ಮ ಗಾಡಿಯ ಮಂಚದ ಮೇಲಿದ್ದರು, ಶಶಿಕಲಾ ಚಪಾತಿ ಲಟ್ಟಿಸುತ್ತಿದ್ದಳು. ಕ್ಯಾಂಪಿನ ಮ್ಯಾನೇಜರು ಅದರ ಫೋಟೋ ತೆಗೆದು, ನಮ್ಮಲ್ಲಿ ಅಪರಿಚಿತರು ಒಂದೇ ಕುಟುಂಬವಾಗುತ್ತಾರೆ ಎಂದು ಬರೆದು ಜಾಹೀರಾತಿಗೆ ಹಾಕಿಕೊಂಡ. ಫೋಟೋದಲ್ಲಿ ಎಲ್ಲರೂ ಕ್ಯಾಮೆರಾ ನೋಡುತ್ತಿದ್ದಾರೆ. ಶಶಿಕಲಾ ಒಬ್ಬಳೇ ನನ್ನನ್ನು ನೋಡುತ್ತಿದ್ದಾಳೆ.

ಮನೆಗೆ ಬಂದ ಮೇಲೆ ಅವಳು ಗಲಾಟೆ ಮಾಡಲಿಲ್ಲ. ಬಟ್ಟೆ ಒಗೆದು ಹರವಿ, ಒಳಗೆ ಬಂದು, “ಬರುವ ಶನಿವಾರ ನಾನು ಮತ್ತು ಮಮತಾ ಹೋಗುತ್ತೇವೆ,” ಎಂದಳು. ಮಮತಾ ಜಗದೀಶನ ಹೆಂಡತಿ. ಗಲ್ಫಿನಲ್ಲಿದ್ದಾಗಲೇ ದೊಡ್ಡ ಗಾಡಿ ಓಡಿಸಲು ಕಲಿತವಳು.

“ಎಲ್ಲಿಗೆ?”

“ಹೇಳುವುದಿಲ್ಲ.”

“ನನಗೂ?”

“ನಿಮಗೇ.”

“ಗಿರಿಜ ಚಿಕ್ಕಮ್ಮ ಚಿಕ್ಕಪ್ಪನ ಕಣ್ಣು ತೋರಿಸಲಿಕ್ಕೆ ಶನಿವಾರವೇ ಬರುತ್ತಾರಲ್ಲ?”

“ಹೌದು. ಚಿಕ್ಕಪ್ಪನಿಗೆ ಗಂಜಿ ತೆಳ್ಳಗೆ ಆಗಬೇಕು,” ಎಂದಳು.

ಜಗದೀಶ ನನ್ನನ್ನು ಸಮಾಧಾನಪಡಿಸಲು ಬಂದ. “ಬಾವ, ಆ ಅಮೆರಿಕದವರು ಒಂದು ವಿಷಯ ಹೇಳಲೇ ಇಲ್ಲ ನೋಡಿ. ಜಾಗ ಆಮೇಲೆ ಆರಿಸಿದರೂ ಆಗುತ್ತದೆ. ಗಾಡಿಯಲ್ಲಿ ಯಾರು ಇರಬಾರದು ಅಂತ ಮೊದಲು ಆರಿಸಬೇಕು.” ಇಂಥ ಸಮಾಧಾನ ಗಲ್ಫಿನಲ್ಲಿ ನಡೆಯುತ್ತದೋ ಏನೋ.

ಶನಿವಾರ ಸಂಜೆ ಚಿಕ್ಕಪ್ಪ ಕಣ್ಣಿಗೆ ಔಷಧ ಬಿಟ್ಟುಕೊಂಡು ಒಳಗೆ ಮಲಗಿದ್ದರು. ಚಿಕ್ಕಮ್ಮ ದೇವಸ್ಥಾನಕ್ಕೆ ಹೋಗಿದ್ದರು. ನಾನು ಅಡುಗೆಮನೆಯಲ್ಲಿ ಗಂಜಿಯ ಎದುರು ನಿಂತು, ತೆಳ್ಳಗೆ ಎಂದರೆ ಎಷ್ಟು ತೆಳ್ಳಗೆ ಎಂದು ಯೋಚಿಸುತ್ತಿದ್ದಾಗ ಫೋನು ಬಂತು. ಕಾರ್ಕಳದ ವಸಂತಣ್ಣ.

“ನಮ್ಮ ಪಾದೆಯ ಮೇಲೆ ಒಂದು ಗಾಡಿ ನಿಂತಿದೆ. ಅದೇ ಶುಭವಿವಾಹದ ಗಾಡಿ. ಇಬ್ಬರು ಹೆಂಗಸರು ಕುರ್ಚಿ ಹಾಕಿ ಕೂತಿದ್ದಾರೆ. ಒಬ್ಬರು ನಿಮ್ಮ ಶಶಿಕಲಾ ಅವರ ಹಾಗೆಯೇ. ಹೋಗಿ ಕೇಳಿದೆ, ಶಿವಮೊಗ್ಗದವರು ಅಂದರು. ನನಗೆ ನಂಬಿಕೆ ಬರಲಿಲ್ಲ. ನಮ್ಮವರೇ ಆದರೆ ಬಂಡೆಯ ಮೇಲೆ ಬಿಡಲಿಕ್ಕೆ ಆಗುತ್ತದಾ? ಈಗಲೇ ಮನೆಗೆ ಕರೆದುಕೊಂಡು ಹೋಗುತ್ತೇನೆ. ಹೌದಾ ಅಲ್ಲವಾ, ನೀವು ಒಂದು ಮಾತು ಹೇಳಿ.”

ಹಾಗಾದರೆ ಜಾಗ ನಾನು ಆರಿಸಿದ್ದೇ. ಎದೆ ಒಂದು ಅಂಗುಲ ಉಬ್ಬಿತು. ‘ಹೌದು’ ಎಂದರೆ ಸಾಕಿತ್ತು. ಅವಳು ಮರುದಿನ ಬೆಳಿಗ್ಗೆಯೇ ಹಿಂದೆ ಬರುತ್ತಿದ್ದಳು, ಚಿಕ್ಕಪ್ಪನ ಗಂಜಿಗೆ ಒಂದು ಗತಿ ಆಗುತ್ತಿತ್ತು, ಪಡುಮನೆಯ ಸೊಸೆಗೆ ಕಾರ್ಕಳದಲ್ಲಿ ಸಿಕ್ಕ ಮರ್ಯಾದೆಯನ್ನು ನಾನು ಊರೆಲ್ಲ ಹೇಳಿಕೊಳ್ಳಬಹುದಿತ್ತು. ಗಂಜಿ ಉಕ್ಕಿ ಒಲೆಯ ಮೇಲೆ ಚೆಲ್ಲಿತು.

“ಗಾಡಿ ನಮ್ಮದೇ ವಸಂತಣ್ಣ,” ಎಂದೆ. “ಶಿವಮೊಗ್ಗದವರು ಬಾಡಿಗೆಗೆ ತೆಗೆದುಕೊಂಡು ಹೋಗಿದ್ದಾರೆ. ಶಶಿಕಲಾ ಇಲ್ಲೇ ಅಡುಗೆಮನೆಯಲ್ಲಿ ಇದ್ದಾಳೆ. ಅವರಷ್ಟಕ್ಕೆ ಬಿಡಿ, ಪಾಪ.”

“ಹೌದಾ? ನನಗೂ ಆಮೇಲೆ ಸಂಶಯ ಬಂತು ಮಾರಾಯ್ರೇ. ಮುಖ ಅದೇ. ಆದರೆ ಮದರಂಗಿಯ ದಿನ ನೋಡಿದ್ದೆನಲ್ಲ, ನಿಮ್ಮವರು ಹೀಗಲ್ಲ. ಈ ಹೆಂಗಸು ಕಾಲಿನ ಮೇಲೆ ಕಾಲು ಹಾಕಿಕೊಂಡು ಎಂಥಾ ನಗುವುದು ಗೊತ್ತುಂಟಾ! ಕೆಳಗೆ ಅಂಗಡಿಯವರೆಗೆ ಕೇಳುತ್ತದೆ. ನಿಮ್ಮವರು ಹಾಗೆ ನಗುವುದುಂಟಾ?”

ಗ್ಯಾಸ್ ಆರಿಸಿ, ನೆನಪು ಮಾಡಿಕೊಳ್ಳಲು ಹೋದೆ. ನೆನಪು ಹೇಳುವುದನ್ನು ನಾನು ಯಾವತ್ತೂ ನಂಬಿದವನಲ್ಲ. ಆದರೆ ಈ ಸಲ ನಂಬದೇ ಇರಲಿಕ್ಕಾದರೂ ಅದು ಏನನ್ನೂ ಹೇಳಲಿಲ್ಲ.

“ಇಲ್ಲ ವಸಂತಣ್ಣ,” ಎಂದೆ. “ಅಷ್ಟು ನಗುತ್ತಿದ್ದರೆ ಖಂಡಿತ ನಮ್ಮವಳಲ್ಲ.”